ಬ್ಲೆಂಡರ್ (ಮೂರು ಆಯಾಮದ ಚಿತ್ರ ಮಾಡುವ ಸಾಫ್ಟ್‌ವೇರ್) ಕೆಲಸಕ್ಕೆ ಆರ್‌ಟಿಎಕ್ಸ್ 3060 (12 ಜಿಬಿ) ಗ್ರಾಫಿಕ್ಸ್ ಕಾರ್ಡು ಕೊಳ್ಳಲೋ, ಆರ್‌ಟಿಎಕ್ಸ್ 4060 (8 ಜಿಬಿ) ಕೊಳ್ಳಲೋ? ಯಾವುದು ಹೆಚ್ಚು ವೇಗ? ಕೋರ್ ಕಡಿಮೆಯಿರುವ 4060 ವೇಗದಲ್ಲಿ ಹೇಗೆ ಮುಂದಿದೆ? ನಾನು ಧಾರವಾಡದಲ್ಲಿ ಮನೆಗಳ ಒಳಾಂಗಣ ಮಾಡುತ್ತೇನೆ; ಎರಡೂ ಕಾರ್ಡುಗಳ ಪಟ್ಟಿ ಜೊತೆಗಿದೆ.

ನೀವು ಪ್ರಶ್ನೆಯ ಜೊತೆಗೆ ಕೊಟ್ಟಿರುವ ಪಟ್ಟಿಯನ್ನೇ ನಾನು 2023ರ ಕೊನೆಯಲ್ಲಿ, ಗದಗಿನ ನಮ್ಮ ಮನೆಯಲ್ಲಿ ಕುಳಿತು ನೋಟ್‌ಬುಕ್ಕಿನ ಹಾಳೆಯೊಂದರಲ್ಲಿ ಬರೆದಿದ್ದೆ. ಎಡಕ್ಕೆ 2021ರ 3060: 3584 ಕೋರ್ (ಲೆಕ್ಕ ಮಾಡುವ ಘಟಕ), 12 ಜಿಬಿ ಮೆಮೊರಿ, 192 ಬಿಟ್ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ), ಆ ದಾರಿಯಲ್ಲಿ ಸೆಕೆಂಡಿಗೆ 360 ಜಿಬಿ, 170 ವ್ಯಾಟ್. ಬಲಕ್ಕೆ 2023ರ 4060: 3072 ಕೋರ್, 8 ಜಿಬಿ, 128 ಬಿಟ್, ಸೆಕೆಂಡಿಗೆ 272 ಜಿಬಿ, 115 ವ್ಯಾಟ್. ಕೋರ್ ಕಡಿಮೆಯಿರುವ ಕಾರ್ಡು ವೇಗದಲ್ಲಿ ಹೇಗೆ ಮುಂದಿದೆ ಎಂದು ನೀವು ಕೇಳಿದ್ದೀರಿ. ನನಗೂ ಅದೇ ಗೊಂದಲವಿತ್ತು. ಅದನ್ನು ಸರಿಯಾಗಿಯೇ ಬಿಡಿಸಿಕೊಂಡೆ, ಆದರೂ ತಪ್ಪು ಕಾರ್ಡನ್ನು ತಂದೆ.

ಗೊಂದಲಕ್ಕೆ ಉತ್ತರ ಸರಳವಾಗಿದೆ. ಬೇರೆ ಬೇರೆ ತಲೆಮಾರಿನ ಕೋರ್‌ಗಳನ್ನು ಎಣಿಸಿ ಹೋಲಿಸಲು ಬರುವುದಿಲ್ಲ. 3060ರ ಬೂಸ್ಟ್ ವೇಗ 1.78 ಗಿಗಾಹರ್ಟ್ಸ್, 4060ರದು 2.46. ಬಸ್ ಕಿರಿದಾದರೂ 4060ರಲ್ಲಿ 24 ಎಂಬಿ ಎಲ್2 ಕ್ಯಾಶ್ (ಚಿಪ್ಪಿನೊಳಗಿನ ಚಿಕ್ಕ, ವೇಗದ ಮೆಮೊರಿ) ಇರುವುದರಿಂದ ಅದು ಪದೇ ಪದೇ ಮೆಮೊರಿಯ ಬಾಗಿಲು ತಟ್ಟಬೇಕಾಗುವುದಿಲ್ಲ. 3060ರಲ್ಲಿ ಆ ಕ್ಯಾಶ್ 3 ಎಂಬಿ ಮಾತ್ರ. ಹೀಗಾಗಿ ಮೆಮೊರಿಯಲ್ಲಿ ಹಿಡಿಸುವ ದೃಶ್ಯವಾದರೆ ಬ್ಲೆಂಡರ್‌ನಲ್ಲಿಯೂ 4060 ಮುಂದಿರುತ್ತದೆ, ಅದೂ 55 ವ್ಯಾಟ್ ಕಡಿಮೆ ವಿದ್ಯುತ್ತಿನಲ್ಲಿ. ಇಷ್ಟನ್ನು ಓದಿ ತಿಳಿದುಕೊಂಡು ಹುಬ್ಬಳ್ಳಿಗೆ ಹೋಗಿ 4060 ತಂದೆ. ಪರೀಕ್ಷೆಗೆಂದು ಹಾಕಿದ ಚಿಕ್ಕ ದೃಶ್ಯಗಳೆಲ್ಲ ಬೇಗಬೇಗನೆ ಮುಗಿದವು, ನಾನೂ ಸಮಾಧಾನಪಟ್ಟೆ.

ಆಗ ನನ್ನ ಕೈಯಲ್ಲಿದ್ದ ಕೆಲಸ ಲಕ್ಕುಂಡಿಯದು. ಗದಗಿನಿಂದ ಸುಮಾರು 12 ಕಿ.ಮೀ. ದೂರದ ಆ ಊರಿನ ಕಾಶಿವಿಶ್ವೇಶ್ವರ ದೇವಾಲಯದ ಬಾಗಿಲುವಾಡವನ್ನು ನೀವು ನೋಡಿರಬಹುದು; ಬಳಪದ ಕಲ್ಲಿನಲ್ಲಿ ಪಟ್ಟಿ ಪಟ್ಟಿಯಾಗಿ ಬಿಡಿಸಿದ ಕೆತ್ತನೆ ಅದು. ಗೆಳೆಯರೊಬ್ಬರ ಕಾಲೇಜಿನ ವಸ್ತುಪ್ರದರ್ಶನಕ್ಕಾಗಿ, ಆ ಬಾಗಿಲುವಾಡದ ಮೇಲೆ ಕ್ಯಾಮೆರಾ ಹೊಸ್ತಿಲಿನಿಂದ ಮೇಲಕ್ಕೆ ನಿಧಾನವಾಗಿ ಏರುವ ಒಂದು ನಿಮಿಷದ ದೃಶ್ಯವನ್ನು ಮಾಡಿಕೊಡಲು ಒಪ್ಪಿಕೊಂಡಿದ್ದೆ. ಬೆಳಗಿನ ಬೆಳಕಿನಲ್ಲಿ ನೂರಾರು ಫೋಟೊ ತೆಗೆದು, ಅವುಗಳಿಂದ ಮೂರು ಆಯಾಮದ ಮಾದರಿಯನ್ನು ಕಟ್ಟಿ, ಅದನ್ನು 12 ತುಂಡುಗಳಾಗಿ ಮಾಡಿದ್ದೆ. ಪ್ರತಿ ತುಂಡಿಗೆ ಬಣ್ಣದ್ದೊಂದು, ಉಬ್ಬುತಗ್ಗಿನದೊಂದು ಎಂದು ಎರಡು 8ಕೆ ಟೆಕ್ಸ್ಚರ್‌ಗಳು (ಮಾದರಿಯ ಮೈಗೆ ಹೊದಿಸುವ ಚಿತ್ರಗಳು), ಒಟ್ಟು 24.

ನನ್ನ ತಪ್ಪು ಇಲ್ಲಿದೆ. ದಯವಿಟ್ಟು ಇದನ್ನು ನಿಧಾನವಾಗಿ ಓದಿರಿ. ಕಾರ್ಡು ಕೊಳ್ಳುವ ಮುಂಚೆ ನಾನು ಟೆಕ್ಸ್ಚರ್ ಫೋಲ್ಡರಿನ ಗಾತ್ರವನ್ನು ನೋಡಿದ್ದೆ. 24 ಜೆಪೆಗ್ ಕಡತಗಳು ಸೇರಿ ಅರ್ಧ ಜಿಬಿಯೂ ಇರಲಿಲ್ಲ. ಅರ್ಧ ಜಿಬಿಯ ಕೆಲಸಕ್ಕೆ 8 ಜಿಬಿ ಧಾರಾಳವಾಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆಯನ್ನೂ ಎಳೆದಿದ್ದೆ. ಡಿಸ್ಕಿನಲ್ಲಿರುವ ಜೆಪೆಗ್ ಕಡತವು ಮಡಚಿಟ್ಟ ನವಲಗುಂದದ ಜಮಖಾನೆಯಿದ್ದಂತೆ. ಮೂಲೆಯಲ್ಲಿ ಹಿಡಿಸುತ್ತದೆ, ಹಾಸಬೇಕೆಂದರೆ ಪಡಸಾಲೆ ಬೇಕಾಗುತ್ತದೆ. ರೆಂಡರ್ ಮಾಡುವಾಗ, ಅಂದರೆ ಮಾದರಿಯಿಂದ ಅಂತಿಮ ಚಿತ್ರವನ್ನು ತೆಗೆಯುವಾಗ, ಬ್ಲೆಂಡರ್‌ನಲ್ಲಿ ಆ ಕೆಲಸ ಮಾಡುವ ಸೈಕಲ್ಸ್ ಎಂಬ ಭಾಗವು ಆ ಚಿತ್ರವನ್ನು ಪೂರ್ತಿ ಬಿಚ್ಚಿ ಕಾರ್ಡಿನ ಮೆಮೊರಿಯಲ್ಲಿ ಹಾಸುತ್ತದೆ. 8192 ಚುಕ್ಕೆ ಅಗಲ, 8192 ಚುಕ್ಕೆ ಎತ್ತರ, ಪ್ರತಿ ಚುಕ್ಕೆಗೆ 4 ಬೈಟ್: ಗುಣಿಸಿದರೆ ಒಂದೇ ಚಿತ್ರಕ್ಕೆ 256 ಎಂಬಿ. ಅಂಥ 24 ಚಿತ್ರಗಳಿಗೆ 6 ಜಿಬಿ. ಅದರ ಮೇಲೆ ಕೋಟಿಗಟ್ಟಲೆ ತ್ರಿಕೋನಗಳ ಮಾದರಿ, ಬೆಳಕಿನ ಕಿರಣ ಎಲ್ಲಿ ತಾಗಿತೆಂದು ಹುಡುಕಲು ಕಟ್ಟಿಕೊಳ್ಳುವ ರಚನೆ, ವಿಂಡೋಸ್ ಮತ್ತು ಪರದೆಗೆ ಬೇಕಾದ ಪಾಲು. 8 ಜಿಬಿ ಎಂದೋ ದಾಟಿತ್ತು. ಇದು ಐದು ನಿಮಿಷದ ಗುಣಾಕಾರ, ಅದನ್ನು ನಾನು ಮಾಡಲಿಲ್ಲ. ಕಾರ್ಡುಗಳ ಬಗ್ಗೆ ಮೂರು ವಾರ ಓದಿದ ನಾನು ನನ್ನ ಕೆಲಸದ ಬಗ್ಗೆ ಐದು ನಿಮಿಷ ಯೋಚಿಸಲಿಲ್ಲ.

ಮೆಮೊರಿ ತುಂಬಿದರೆ ಮಿಕ್ಕದ್ದು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ಗೆ ಹೋಗುತ್ತದೆ, ಅಲ್ಲಿಂದ ಮದರ್‌ಬೋರ್ಡಿನ ಸ್ಲಾಟಿನ ಮೂಲಕ ಕಾರ್ಡಿಗೆ ಹರಿದು ಬರಬೇಕಾಗುತ್ತದೆ. ಪಟ್ಟಿ ಬರೆಯುವಾಗ ನಾನು ಬಿಟ್ಟಿದ್ದ ಸಾಲು ಇದೇ. 3060 ಸ್ಲಾಟಿನ 16 ಲೇನ್‌ಗಳನ್ನು (ಮಾಹಿತಿ ಹರಿಯುವ ಓಣಿಗಳನ್ನು) ಬಳಸುತ್ತದೆ, 4060 ಬಳಸುವುದು 8ನ್ನು ಮಾತ್ರ. ನನ್ನದು ಪಿಸಿಐಇ 3.0 (ಆ ಸ್ಲಾಟಿನ ಹಳೆಯ ತಲೆಮಾರು) ಇದ್ದ ಹಳೆಯ ಮದರ್‌ಬೋರ್ಡು. ಅದರಲ್ಲಿ 8 ಲೇನ್ ಎಂದರೆ ಸೆಕೆಂಡಿಗೆ ಸುಮಾರು 8 ಜಿಬಿ. 272 ಎಲ್ಲಿ, 8 ಎಲ್ಲಿ! ಚಿಕ್ಕ ದೃಶ್ಯದಲ್ಲಿ ಫ್ರೇಮಿಗೆ ಒಂದು ನಿಮಿಷ ತೆಗೆದುಕೊಳ್ಳುತ್ತಿದ್ದ ಕೆಲಸ ಆರು ನಿಮಿಷಕ್ಕೆ ಏರಿತು, ಕೆಲವೊಮ್ಮೆ ಮೆಮೊರಿ ಸಾಲದೆಂಬ ಸಂದೇಶದೊಡನೆ ನಿಂತೇಹೋಯಿತು. ಒಂದು ನಿಮಿಷದ ದೃಶ್ಯಕ್ಕೆ ಸೆಕೆಂಡಿಗೆ 24ರಂತೆ 1440 ಫ್ರೇಮ್. ಒಂದು ದಿನದಲ್ಲಿ ಮುಗಿಯಬೇಕಾದದ್ದಕ್ಕೆ ಆರು ದಿನ ಬೇಕಾಗುತ್ತಿತ್ತು, ಪ್ರದರ್ಶನಕ್ಕೆ ಉಳಿದಿದ್ದುದು ನಾಲ್ಕೇ ದಿನ.

ಬೇರೆ ದಾರಿ ಕಾಣದೆ ಎಲ್ಲ ಟೆಕ್ಸ್ಚರ್‌ಗಳನ್ನೂ 4ಕೆಗೆ ಇಳಿಸಿದೆ. ಒಂದೊಂದು 64 ಎಂಬಿಗೆ ಬಂತು, ಕೆಲಸ ಸಮಯಕ್ಕೆ ಮುಗಿಯಿತು. ಪ್ರದರ್ಶನದ ದಿನ ಲಕ್ಕುಂಡಿಯ ಹಿರಿಯರೊಬ್ಬರು ಪರದೆಯ ಹತ್ತಿರ ಬಂದು, ಬೆರಳಿಟ್ಟು ತೋರಿಸಿ, “ಇಲ್ಲಿ ಬಳ್ಳಿ ಒಳಗ ಸಣ್ಣ ಸಣ್ಣ ಮಣಿ ಅದಾವಲ್ರೀ, ಅವು ಎಲ್ಲಿ ಹ್ವಾದುವು?” ಎಂದು ಕೇಳಿದರು. ಮಣಿಗಳೆಲ್ಲ ಕಲಸಿ ಒಂದೇ ಗೆರೆಯಾಗಿದ್ದವು. ಅವರಿಗೆ ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ.

ಮರುತಿಂಗಳು ಆ ಕಾರ್ಡನ್ನು ಗೇಮ್ ಆಡುವ ವಿದ್ಯಾರ್ಥಿಯೊಬ್ಬರಿಗೆ ನಷ್ಟದಲ್ಲಿ ಮಾರಿ 3060 ಹಾಕಿಸಿದೆ. ಅವರಿಗೆ ಅದು ಇಂದಿಗೂ ಚೆನ್ನಾಗಿ ನಡೆಯುತ್ತಿದೆ. 1080ಪಿ ಗೇಮಿಗೆ ಅದೇ ಸರಿ, ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಫ್ರೇಮ್ ಜನರೇಷನ್ (ನಡುವಿನ ಫ್ರೇಮ್‌ಗಳನ್ನು ಕಾರ್ಡೇ ಊಹಿಸಿ ಸೇರಿಸುವ) ಸೌಲಭ್ಯವೂ 3060ಗೆ ಇಲ್ಲ. ನನ್ನ ಬಾಗಿಲುವಾಡ ಮಾತ್ರ 3060ರಲ್ಲಿ 8ಕೆ ಟೆಕ್ಸ್ಚರ್‌ಗಳ ಸಮೇತ ಪೂರ್ತಿ ಹಿಡಿಸಿತು, ಮಣಿಗಳೂ ಕಂಡವು.

ಆದ್ದರಿಂದ ಯಾವುದು ವೇಗ ಎಂಬ ಪ್ರಶ್ನೆಯನ್ನು ನೀವು ಮೊದಲು ಬದಿಗಿಡಬೇಕು. ಧಾರವಾಡದಲ್ಲಿ ಮನೆಗಳ ಒಳಾಂಗಣ ಮಾಡುತ್ತೇನೆ ಎಂದಿದ್ದೀರಿ. ಈಗಿರುವ ಕಂಪ್ಯೂಟರಿನಲ್ಲಿಯೇ, ಪ್ರೊಸೆಸರಿನ ಮೇಲಾದರೂ ಸರಿ, ನಿಮ್ಮ ಅತಿ ಭಾರದ ದೃಶ್ಯವನ್ನು ಒಮ್ಮೆ ರೆಂಡರ್‌ಗೆ ಹಾಕಿ, ಪರದೆಯಲ್ಲಿ ತೆರೆಯುವ ರೆಂಡರ್ ಕಿಟಕಿಯ ಮೇಲ್ಭಾಗದಲ್ಲಿ ‘ಪೀಕ್’ ಎಂದು ಬರುವ ಸಂಖ್ಯೆಯನ್ನು (ಬಳಸಿದ ಗರಿಷ್ಠ ಮೆಮೊರಿಯನ್ನು) ಬರೆದುಕೊಳ್ಳಿರಿ. ಅದು 5 ಜಿಬಿಯ ಒಳಗಿದ್ದು, ಮುಂದೆಯೂ ಅಷ್ಟರಲ್ಲೇ ಇರುತ್ತದೆಂಬ ಭರವಸೆ ನಿಮಗಿದ್ದರೆ 4060 ತೆಗೆದುಕೊಳ್ಳಿ. ನನ್ನ ಅಭಿಪ್ರಾಯದಲ್ಲಿ ಆ ಭರವಸೆ ಯಾರಿಗೂ ಇರುವುದಿಲ್ಲ, ಏಕೆಂದರೆ ಗಿರಾಕಿ ಕೇಳುವ ಸೋಫಾ, ಪರದೆ, ಗಿಡ ಒಂದೊಂದೂ ತನ್ನ ಟೆಕ್ಸ್ಚರ್‌ಗಳನ್ನು ಹೊತ್ತೇ ಬರುತ್ತದೆ. ನಾನಾದರೆ 3060ನ್ನೇ ಕೊಳ್ಳುತ್ತೇನೆ. ಯಾವ ಕಾರ್ಡಾದರೂ ದೂರದ ವಸ್ತುಗಳಿಗೆ 2ಕೆ ಸಾಕು. ಅದು ಕೇವಲ 16 ಎಂಬಿ.

3060 ಎಂಬ ಇದೇ ಹೆಸರಿನಲ್ಲಿ 8 ಜಿಬಿ, 128 ಬಿಟ್‌ನ ಇನ್ನೊಂದು ಕಾರ್ಡೂ ಇದೆ. ಅದರಲ್ಲಿ ನಿಮಗೆ ಈ ಮೆಮೊರಿಯೂ ಸಿಗುವುದಿಲ್ಲ, 4060ರ ವೇಗವೂ ಸಿಗುವುದಿಲ್ಲ. ಪೆಟ್ಟಿಗೆಯ ಮೇಲೆ 12 ಜಿಬಿ ಎಂದು ಇರುವುದನ್ನು ನೀವೇ ಓದಿ ನೋಡಿದ ಮೇಲೆ ಹಣ ಕೊಡಿರಿ.