ಎಪಿ ಸ್ಪ್ಯಾನಿಷ್ ಪರೀಕ್ಷೆಗೆ ಟ್ಯೂಟರ್ ಆಯ್ಕೆ: ಭಾಷೆ ತಿಳಿಯದ ಪಾಲಕರು ಅಳೆಯುವುದು ಹೇಗೆ?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ಹೈಸ್ಕೂಲಿನ 11ನೇ ತರಗತಿಯಲ್ಲಿರುವ ಮಗಳು ಬರುವ ಮೇ ತಿಂಗಳಲ್ಲಿ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ ಪರೀಕ್ಷೆ ಬರೆಯಲಿದ್ದಾಳೆ. ತರಗತಿಯಲ್ಲಿ ಅವಳಿಗೆ ಎ ಗ್ರೇಡ್ ಬರುತ್ತಿದ್ದರೂ ಶಾಲೆಯವರು ಜನವರಿಯಲ್ಲಿ ನಡೆಸಿದ ಮಾದರಿ ಪರೀಕ್ಷೆಯಲ್ಲಿ ಐದಕ್ಕೆ ಮೂರರ ಮಟ್ಟದಲ್ಲೇ ಉಳಿದಳು. ಮನೆಯಲ್ಲಿ ಯಾರಿಗೂ ಸ್ಪ್ಯಾನಿಷ್ ಬಾರದು. ಈಗ ಇಬ್ಬರು ಟ್ಯೂಟರ್‌ಗಳು ಸಿಕ್ಕಿದ್ದಾರೆ. ಒಬ್ಬರು ಮೆಕ್ಸಿಕೋ ಮೂಲದ ಕಾಲೇಜು ವಿದ್ಯಾರ್ಥಿನಿ, ಗಂಟೆಗೆ 25 ಡಾಲರ್ ಕೇಳುತ್ತಾರೆ. ಇನ್ನೊಬ್ಬರು ನಿವೃತ್ತ ಸ್ಪ್ಯಾನಿಷ್ ಶಿಕ್ಷಕರು, ಗಂಟೆಗೆ 80 ಡಾಲರ್. ಯಾರನ್ನು ಆರಿಸಿಕೊಳ್ಳಬೇಕು? ಭಾಷೆಯೇ ಗೊತ್ತಿಲ್ಲದ ನಾವು ಪಾಠದ ಗುಣಮಟ್ಟವನ್ನು ತಿಳಿಯುವುದು ಹೇಗೆ?

ಉತ್ತರ: ಟ್ಯೂಟರ್ ಯಾವ ದೇಶದವರು, ಗಂಟೆಗೆ ಎಷ್ಟು ಕೇಳುತ್ತಾರೆ ಎಂಬ ಎರಡು ಸಂಗತಿಗಳ ಮೇಲೆ ಮಾತ್ರ ತೀರ್ಮಾನಕ್ಕೆ ಬರಬೇಡಿ. ನಿಮ್ಮ ಮಗಳಿಗೆ ಬೇಕಾಗಿರುವುದು ಅವಳನ್ನು ಮಾತನಾಡಿಸುವ, ಅವಳಿಂದ ಬರೆಸುವ, ಆ ಮಾತನ್ನೂ ಬರಹವನ್ನೂ ಪರೀಕ್ಷೆಯ ಅಂಕಸೂತ್ರಕ್ಕೆ (ಯಾವ ಗುಣಕ್ಕೆ ಎಷ್ಟು ಅಂಕ ಎಂಬ ನಿಯಮಕ್ಕೆ) ಹಿಡಿದು ತಿದ್ದಬಲ್ಲ ವ್ಯಕ್ತಿ. ಅಂಥವರು ಮೆಕ್ಸಿಕೋದಲ್ಲಿ ಹುಟ್ಟಿದವರೂ ಆಗಿರಬಹುದು, ಕಾಲೇಜಿಗೆ ಬಂದ ಮೇಲೆ ಸ್ಪ್ಯಾನಿಷ್ ಕಲಿತವರೂ ಆಗಿರಬಹುದು.

ಇದನ್ನು ಇಷ್ಟು ಖಚಿತವಾಗಿ ಹೇಳಲು ಪರೀಕ್ಷೆಯ ರಚನೆಯೇ ಕಾರಣ. 2025ರ ಮೇ ತಿಂಗಳಲ್ಲಿ ನಡೆದ ಪರೀಕ್ಷೆಯನ್ನೇ ತೆಗೆದುಕೊಂಡರೆ, ಸುಮಾರು ಮೂರು ಗಂಟೆಯ ಅವಧಿಯಲ್ಲಿ ಅರ್ಧ ತೂಕ 65 ಬಹು ಆಯ್ಕೆಯ ಪ್ರಶ್ನೆಗಳಿಗಿತ್ತು. ಉಳಿದ ಅರ್ಧ ನಾಲ್ಕು ಕೆಲಸಗಳಿಗೆ ಸಮವಾಗಿ, ಅಂದರೆ ತಲಾ ಶೇ 12.5ರಂತೆ, ಹಂಚಿಹೋಗಿತ್ತು: 15 ನಿಮಿಷದಲ್ಲಿ ಒಂದು ಇಮೇಲ್‌ಗೆ ಔಪಚಾರಿಕ ಉತ್ತರ, ಮೂರು ಆಕರಗಳನ್ನು ಓದಿ ಕೇಳಿ ಬರೆಯುವ ವಾದಾತ್ಮಕ ಪ್ರಬಂಧ, ಧ್ವನಿಮುದ್ರಿತ ವ್ಯಕ್ತಿಯೊಡನೆ ಸಂಭಾಷಣೆ, ಮತ್ತು ಎರಡು ನಿಮಿಷದ ಸಾಂಸ್ಕೃತಿಕ ಹೋಲಿಕೆಯ ಭಾಷಣ. ಬಹು ಆಯ್ಕೆಯ ಪ್ರಶ್ನೆಗಳನ್ನು ಮಗಳು ಒಬ್ಬಳೇ ಕುಳಿತು ಅಭ್ಯಾಸ ಮಾಡಬಹುದು, ಉತ್ತರವನ್ನೂ ತಾನೇ ಸರಿನೋಡಿಕೊಳ್ಳಬಹುದು. ಮಾತಿನಲ್ಲಿ ಮತ್ತು ಬರಹದಲ್ಲಿ ತಾನು ಎಲ್ಲಿ ಎಡವಿದೆ ಎಂಬುದು ಮಾತ್ರ ಎಡವಿದವರಿಗೆ ಕಾಣುವುದು ಕಷ್ಟ. ಟ್ಯೂಟರ್‌ಗೆ ಕೊಡುವ ಹಣ ಈ ಅರ್ಧಕ್ಕೇ ಹೋಗಬೇಕು. ತರಗತಿಯ ಎ ಗ್ರೇಡ್‌ಗೂ ಮಾದರಿ ಪರೀಕ್ಷೆಯ ಮೂರಕ್ಕೂ ನಡುವೆ ಇರುವ ಅಂತರವೂ ಬಹುಪಾಲು ಇಲ್ಲಿಂದಲೇ ಬರುತ್ತದೆ. ತರಗತಿಯ ಗ್ರೇಡ್‌ನಲ್ಲಿ ಹೋಮ್‌ವರ್ಕ್, ಪದಪಟ್ಟಿಯ ಕಿರುಪರೀಕ್ಷೆ, ಪ್ರಾಜೆಕ್ಟ್ ಎಲ್ಲವೂ ಸೇರಿರುತ್ತವೆ. ತಯಾರಿಗೆ ಪುರುಸೊತ್ತಿಲ್ಲದ ಮಾತನ್ನು ಅದು ಅಷ್ಟಾಗಿ ಅಳೆಯುವುದಿಲ್ಲ.

ಆದ್ದರಿಂದ ಟ್ಯೂಟರ್‌ನ್ನು ಒಪ್ಪಿಕೊಳ್ಳುವ ಮೊದಲು ಮಗಳ ಮಾದರಿ ಪರೀಕ್ಷೆಯ ವಿವರವನ್ನು ಶಾಲೆಯ ಶಿಕ್ಷಕರಿಂದ ಕೇಳಿ ಪಡೆಯಿರಿ. ಒಟ್ಟು ಮೂರು ಎಂಬುದರಿಂದ ಏನೂ ತಿಳಿಯುವುದಿಲ್ಲ. ನಾಲ್ಕು ಕೆಲಸಗಳಿಗೂ ಸೊನ್ನೆಯಿಂದ ಐದರವರೆಗೆ ಪ್ರತ್ಯೇಕವಾಗಿ ಅಂಕ ಕೊಡಲಾಗುತ್ತದೆ. ಸಂಭಾಷಣೆಯಲ್ಲಿ ನಾಲ್ಕು ಪಡೆದು ಪ್ರಬಂಧದಲ್ಲಿ ಎರಡು ಪಡೆದ ವಿದ್ಯಾರ್ಥಿನಿಗೆ ಬೇಕಾಗುವ ಪಾಠವೇ ಬೇರೆ, ಇದಕ್ಕೆ ತಿರುಗುಮುರುಗಾಗಿ ಪಡೆದವಳಿಗೆ ಬೇಕಾಗುವುದೇ ಬೇರೆ.

ಈಗ ನಿಮ್ಮ ಮುಖ್ಯ ಆತಂಕಕ್ಕೆ ಬರುತ್ತೇನೆ. ಸ್ಪ್ಯಾನಿಷ್ ತಿಳಿಯದೆಯೂ ಟ್ಯೂಟರ್‌ನ್ನು ಅಳೆಯಬಹುದು, ಅದಕ್ಕೆ ಬೇಕಾದ ಸಾಮಗ್ರಿ ಉಚಿತವಾಗಿಯೇ ಇದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಸಂಸ್ಥೆಯು ತನ್ನ ಎಪಿ ಸೆಂಟ್ರಲ್ ಜಾಲತಾಣದಲ್ಲಿ ಹಿಂದಿನ ವರ್ಷಗಳ ಬರಹ ಮತ್ತು ಭಾಷಣದ ಪ್ರಶ್ನೆಗಳನ್ನು, ಅವುಗಳ ಅಂಕಸೂತ್ರವನ್ನು, ವಿದ್ಯಾರ್ಥಿಗಳು ನಿಜವಾಗಿ ಕೊಟ್ಟ ಉತ್ತರಗಳ ಮಾದರಿಗಳನ್ನು ಪ್ರಕಟಿಸುತ್ತದೆ. ಭಾಷಣಗಳ ಧ್ವನಿಮುದ್ರಣವೂ ಅಲ್ಲಿರುತ್ತದೆ, ಪ್ರತಿ ಮಾದರಿಗೆ ಎಷ್ಟು ಅಂಕ ಬಂತು ಮತ್ತು ಏಕೆ ಬಂತು ಎಂಬ ಟಿಪ್ಪಣಿಯೂ ಇರುತ್ತದೆ. ಅದರಲ್ಲಿ ಒಂದು ಪ್ರಬಂಧವನ್ನೂ ಒಂದು ಧ್ವನಿಮುದ್ರಣವನ್ನೂ ಆರಿಸಿ, ಅಂಕವನ್ನು ತಿಳಿಸದೆ ಇಬ್ಬರು ಟ್ಯೂಟರ್‌ಗಳಿಗೂ ಕೊಟ್ಟು, ಇದಕ್ಕೆ ಐದರಲ್ಲಿ ಎಷ್ಟು ಕೊಡುತ್ತೀರಿ, ಏಕೆ ಎಂದು ಕೇಳಿ. ಅವರ ಮಾತನ್ನು ಪ್ರಕಟಿತ ಟಿಪ್ಪಣಿಯೊಡನೆ ಹೋಲಿಸಿ ನೋಡಿ. ಟಿಪ್ಪಣಿ ಇಂಗ್ಲಿಷಿನಲ್ಲಿರುವುದರಿಂದ ನಿಮಗೆ ತೊಡಕಾಗದು. ಒಂದು ಅಂಕ ಆಚೀಚೆ ಆದರೆ ಚಿಂತೆಯಿಲ್ಲ, ಕಾರಣಗಳು ಹೊಂದುತ್ತವೆಯೇ ಎಂಬುದು ಮುಖ್ಯ. ಉದಾಹರಣೆಗೆ, ಪ್ರಬಂಧಕ್ಕೆ ಒಂದು ಲೇಖನ, ಒಂದು ಕೋಷ್ಟಕ ಅಥವಾ ನಕ್ಷೆ, ಒಂದು ಧ್ವನಿಮುದ್ರಣ ಎಂಬ ಮೂರು ಆಕರಗಳಿರುತ್ತವೆ. ಅವುಗಳ ಸಾರಾಂಶ ಬರೆದರೆ ಸಾಲದು, ಮೂರನ್ನೂ ತನ್ನ ವಾದಕ್ಕೆ ಆಧಾರವಾಗಿ ಬಳಸಿಕೊಂಡರೆ ಮಾತ್ರ ಮೇಲಿನ ಅಂಕ ದೊರೆಯುತ್ತದೆ. ವ್ಯಾಕರಣದ ತಪ್ಪುಗಳನ್ನಷ್ಟೇ ಎಣಿಸಿ ಈ ಸಂಗತಿಯನ್ನು ಎತ್ತದವರು, ಭಾಷೆಯಲ್ಲಿ ಎಷ್ಟೇ ಪಂಡಿತರಾಗಿದ್ದರೂ, ಈ ಪರೀಕ್ಷೆಯನ್ನು ಹತ್ತಿರದಿಂದ ನೋಡಿದವರಲ್ಲ.

ಎರಡನೆಯ ಅಳತೆ ಇನ್ನೂ ಸರಳ. ಪ್ರಾಯೋಗಿಕ ಪಾಠವನ್ನು ಟ್ಯೂಟರ್‌ರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿಕೊಳ್ಳಿ, ಆಮೇಲೆ ಯಾರ ಧ್ವನಿ ಎಷ್ಟು ಹೊತ್ತು ಕೇಳಿಸುತ್ತದೆ ಎಂದು ಗಮನಿಸಿ. ಗಂಟೆಯ ಬಹುಪಾಲು ಟ್ಯೂಟರ್‌ರೇ ಮಾತನಾಡುತ್ತಿದ್ದರೆ, ಅಥವಾ ಪಾಠ ಪೂರ್ತಿ ಇಂಗ್ಲಿಷಿನಲ್ಲಿ ನಡೆಯುತ್ತಿದ್ದರೆ, ಮಗಳಿಗೆ ಅಭ್ಯಾಸವಾಗುತ್ತಿಲ್ಲ. ಗಡಿಯಾರ ಇಟ್ಟು ಮಾಡಿಸುತ್ತಾರೆಯೇ ಎಂಬುದನ್ನೂ ನೋಡಿ. ಪರೀಕ್ಷೆಯ ಸಂಭಾಷಣೆಯಲ್ಲಿ ಆ ಕಡೆಯವರು ಮಾತು ಮುಗಿಸಿದ ಮೇಲೆ ಬೀಪ್ ಶಬ್ದ ಬರುತ್ತದೆ, ಆಗ 20 ಸೆಕೆಂಡು ಮಾತನಾಡಬೇಕು. ಹೀಗೆ ಐದು ಬಾರಿ. ಮನೆಯಲ್ಲಿ ಚೆನ್ನಾಗಿ ಮಾತನಾಡುವ ಮಕ್ಕಳು ಕೂಡ ಇಲ್ಲಿ ಆರೇಳು ಸೆಕೆಂಡಿನಲ್ಲಿ 'ಹೌದು, ನನಗೂ ಇಷ್ಟ' ಎಂದು ಮುಗಿಸಿ ಉಳಿದ ಹೊತ್ತು ಸುಮ್ಮನಿರುತ್ತಾರೆ. ಒಳ್ಳೆಯ ಟ್ಯೂಟರ್ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ಒಂದು ಕಾರಣ ಸೇರಿಸು, ಒಂದು ಉದಾಹರಣೆ ಕೊಡು ಎಂದು ಒತ್ತಾಯಿಸಿ, 20 ಸೆಕೆಂಡು ತುಂಬುವವರೆಗೆ ಬಿಡುವುದಿಲ್ಲ.

ಇಮೇಲ್ ಉತ್ತರದಲ್ಲಿ ಕನ್ನಡ ಮನೆಯ ಮಕ್ಕಳಿಗೆ ಒಂದು ಅನುಕೂಲವಿದೆ. ಅದನ್ನು ಟ್ಯೂಟರ್‌ಗೆ ನೀವೇ ತಿಳಿಸಬೇಕಾಗಬಹುದು. ಈ ಪತ್ರವನ್ನು ಆರಂಭದಿಂದ ಕೊನೆಯವರೆಗೆ ಗೌರವಸೂಚಕವಾದ 'ಉಸ್ತೆದ್' ರೂಪದಲ್ಲೇ ಬರೆಯಬೇಕು, ಸಲುಗೆಯ 'ತು' ರೂಪ ನಡುವೆ ನುಸುಳಬಾರದು. ಇಂಗ್ಲಿಷ್ ಮಾತ್ರ ಬಲ್ಲ ಸಹಪಾಠಿಗಳಿಗೆ ಈ ಭೇದ ಮನಸ್ಸಿಗೆ ಹತ್ತುವುದೇ ನಿಧಾನ. ಅಜ್ಜನಿಗೆ 'ನೀವು ಬಾ' ಎಂದರೆ ಹೇಗೆ ಕಿವಿಗೆ ಚುಚ್ಚುತ್ತದೆಯೋ ಹಾಗೆಯೇ ಇದು ಎಂದು ಹೇಳಿದರೆ ನಿಮ್ಮ ಮಗಳು ತಕ್ಷಣ ಹಿಡಿದುಕೊಳ್ಳುತ್ತಾಳೆ. ಇದರ ಜೊತೆಗೆ ಬಂದ ಪತ್ರದಲ್ಲಿ ಕೇಳಿರುವ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಬೇಕು, ತಾನೂ ಒಂದು ಹೆಚ್ಚಿನ ವಿವರವನ್ನು ಕೇಳಬೇಕು, ಆರಂಭದ ವಂದನೆ ಮತ್ತು ಮುಕ್ತಾಯ ಎರಡೂ ಇರಬೇಕು. ನಾಲ್ಕು ಕೆಲಸಗಳಲ್ಲಿ ಅತ್ಯಂತ ಬೇಗ ಸುಧಾರಿಸುವುದು ಇದೇ. ಮೊದಲ ತಿಂಗಳಲ್ಲಿ ಟ್ಯೂಟರ್ ಇದನ್ನು ಗಟ್ಟಿಮಾಡಿಸದಿದ್ದರೆ ನೀವು ಕಾರಣ ಕೇಳಬಹುದು.

ಸಾಂಸ್ಕೃತಿಕ ಹೋಲಿಕೆಯ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ. ನಾಲ್ಕು ನಿಮಿಷ ಸಿದ್ಧಪಡಿಸಿಕೊಂಡು, ಸ್ಪ್ಯಾನಿಷ್ ಆಡುವ ಒಂದು ಪ್ರದೇಶವನ್ನು ತನ್ನ ಅಥವಾ ಬೇರೊಂದು ಸಮುದಾಯದೊಡನೆ ಹೋಲಿಸಿ ಎರಡು ನಿಮಿಷ ಮಾತನಾಡಬೇಕು. ತನ್ನ ಸಮುದಾಯ ಎಂದರೆ ಶಾಲೆಯ ಸುತ್ತಲಿನ ಊರೇ ಆಗಬೇಕೆಂದಿಲ್ಲ; ಮನೆಯ ಕನ್ನಡ ಬದುಕನ್ನೂ ಧಾರಾಳವಾಗಿ ತರಬಹುದು. ಅಗಲಿದ ಹಿರಿಯರಿಗೆ ಎಡೆ ಇಡುವ ನಮ್ಮ ಪದ್ಧತಿಯನ್ನು, ಮೆಕ್ಸಿಕೋದ ಓಅಹಾಕಾದಲ್ಲಿ ನವೆಂಬರ್ 1 ಮತ್ತು 2ರಂದು ಮನೆಗಳಲ್ಲಿ ಹಿರಿಯರ ಚಿತ್ರ, ಹೂವು, ಅವರಿಗೆ ಪ್ರಿಯವಾದ ತಿನಿಸು ಇಟ್ಟು ನೆನೆಯುವ ಆಚರಣೆಯೊಡನೆ ಹೋಲಿಸಿದರೆ ಅವಳಿಗೆ ಮಾತಿನ ಕೊರತೆ ಬಾರದು. ಆದರೆ ಅಪಾಯವೂ ಇಲ್ಲೇ ಇದೆ. ಗೊತ್ತಿರುವ ನಮ್ಮ ಪದ್ಧತಿಯ ಬಗ್ಗೆಯೇ ಒಂದೂವರೆ ನಿಮಿಷ ಮಾತನಾಡಿ, ಸ್ಪ್ಯಾನಿಷ್ ಜಗತ್ತಿನ ಬಗ್ಗೆ 'ಅಲ್ಲಿಯೂ ಕುಟುಂಬ ಬಹಳ ಮುಖ್ಯ' ಎಂಬ ಒಂದು ಸಾಲಿನಲ್ಲಿ ಮುಗಿಸಿದರೆ ಅಂಕ ಕೆಳಗಿಳಿಯುತ್ತದೆ. ಮೆಕ್ಸಿಕೋ, ಪೆರು, ಸ್ಪೇನ್ ಹೀಗೆ ಒಂದೆರಡು ದೇಶಗಳ ಬಗ್ಗೆ ಪಠ್ಯದ ಆರು ವಿಷಯಗಳಿಗೂ ಹೊಂದುವ ಖಚಿತ ಸಂಗತಿಗಳನ್ನು ಅವಳು ಕೂಡಿಹಾಕಿಕೊಳ್ಳಬೇಕು. ಕುಟುಂಬ ಮತ್ತು ಸಮುದಾಯ, ಅಸ್ಮಿತೆ, ಸೌಂದರ್ಯ, ವಿಜ್ಞಾನ ಮತ್ತು ತಂತ್ರಜ್ಞಾನ, ಸಮಕಾಲೀನ ಬದುಕು, ಜಾಗತಿಕ ಸವಾಲುಗಳು ಎಂಬವೇ ಆ ಆರು. ಮೆಕ್ಸಿಕೋ ಮೂಲದ ಆ ವಿದ್ಯಾರ್ಥಿನಿ ಇಲ್ಲಿ ಬಹಳ ಉಪಕಾರಿಯಾಗಬಲ್ಲರು, ಏಕೆಂದರೆ ಪುಸ್ತಕದಲ್ಲಿ ಸಿಗದ ಮನೆಯೊಳಗಿನ ವಿವರ ಅವರಲ್ಲಿರುತ್ತದೆ.

ಇವೆಲ್ಲವನ್ನೂ ನೋಡಿದ ಮೇಲೆ, ಇಬ್ಬರಲ್ಲಿ ಒಬ್ಬರನ್ನೇ ಆರಿಸಬೇಕೆಂಬ ಹಟ ಬೇಡ ಎಂಬುದು ನನ್ನ ಸಲಹೆ. ಅಂಕಸೂತ್ರದ ಪರೀಕ್ಷೆಯಲ್ಲಿ ನಿವೃತ್ತ ಶಿಕ್ಷಕರು ಗೆದ್ದರೆ ಅವರೊಡನೆ ಹದಿನೈದು ದಿನಕ್ಕೊಮ್ಮೆ ಪ್ರಬಂಧ ಮತ್ತು ಇಮೇಲ್ ತಿದ್ದಿಸಿಕೊಳ್ಳಲಿ. ವಿದ್ಯಾರ್ಥಿನಿಯೊಡನೆ ವಾರಕ್ಕೆ ಎರಡು ಬಾರಿ, ತಲಾ 40 ನಿಮಿಷ, ಬರೀ ಮಾತಿನ ಅಭ್ಯಾಸ ನಡೆಯಲಿ. ವಾರಕ್ಕೊಮ್ಮೆ 80 ಡಾಲರ್ ಕೊಡುವುದಕ್ಕಿಂತ ಇದು ಹೆಚ್ಚೇನೂ ದುಬಾರಿಯಾಗದು. ಶಿಕ್ಷಕರನ್ನು ಮಾತನಾಡಿಸುವಾಗ, ಅವರು ಎಂದಾದರೂ ಎಪಿ ಮೌಲ್ಯಮಾಪಕರಾಗಿದ್ದರೇ ಎಂದು ವಿಚಾರಿಸಿ. ಕಾಲೇಜ್ ಬೋರ್ಡ್ ಈ ಉತ್ತರಗಳನ್ನು ಹೈಸ್ಕೂಲು ಮತ್ತು ಕಾಲೇಜಿನ ಅಧ್ಯಾಪಕರಿಂದಲೇ ಮೌಲ್ಯಮಾಪನ ಮಾಡಿಸುತ್ತದೆ. ಆ ಕೆಲಸ ಮಾಡಿದವರಿಗೆ ಮೂರಕ್ಕೂ ನಾಲ್ಕಕ್ಕೂ ಇರುವ ವ್ಯತ್ಯಾಸ ಕೈಗೆ ಕೂತಿರುತ್ತದೆ. ಪರೀಕ್ಷೆಯ ರೂಪ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಮಗಳು ಬರೆಯಲಿರುವ ವರ್ಷದ ಅಧಿಕೃತ ಪಠ್ಯ ವಿವರಣೆಯನ್ನು ನೀವೂ ಇಳಿಸಿಕೊಂಡಿರಿ, ಅವರೂ ಓದಿದ್ದಾರೆಯೇ ಕೇಳಿ.

ಇಬ್ಬರೂ ಹೊಂದದೆ ಹೋದರೆ ಮೊದಲು ಶಾಲೆಯ ಎಪಿ ಶಿಕ್ಷಕರ ಬಳಿಯೇ ಹೋಗಿ, ಅವರಿಗೆ ಹೆಸರುಗಳು ಗೊತ್ತಿರುತ್ತವೆ. ಅನೇಕ ಹೈಸ್ಕೂಲುಗಳಲ್ಲಿ ಸೊಸಿಯೆದಾದ್ ಒನೊರಾರಿಯಾ ಇಸ್ಪಾನಿಕಾ ಎಂಬ ಸ್ಪ್ಯಾನಿಷ್ ಗೌರವ ಸಂಘದ ಶಾಖೆಯಿರುತ್ತದೆ. ಅದರಲ್ಲಿರುವ ಹಿರಿಯ ವಿದ್ಯಾರ್ಥಿಗಳಿಂದಲೂ ಸಂಭಾಷಣೆಗೆ ನೆರವು ಪಡೆಯಬಹುದು. ಹತ್ತಿರದ ವಿಶ್ವವಿದ್ಯಾಲಯದ ಸ್ಪ್ಯಾನಿಷ್ ವಿಭಾಗದಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಿಚಾರಿಸಿ. ಸಾರ್ವಜನಿಕ ಗ್ರಂಥಾಲಯದ ಕಾರ್ಡ್ ಇದ್ದರೆ ಉಚಿತ ಆನ್‌ಲೈನ್ ಟ್ಯೂಟರಿಂಗ್ ಇದೆಯೇ ಕೇಳಿ, ಎಷ್ಟೋ ಗ್ರಂಥಾಲಯಗಳು ಈ ಸೇವೆ ಕೊಡುತ್ತವೆ. ಇಟಾಕಿಯಂಥ ಆನ್‌ಲೈನ್ ವೇದಿಕೆಗಳಲ್ಲಿ ತರಬೇತಿ ಪಡೆದ ಶಿಕ್ಷಕರನ್ನು ಮತ್ತು ಸಾಮಾನ್ಯ ಸಂಭಾಷಣೆಯ ಟ್ಯೂಟರ್‌ಗಳನ್ನು ಬೇರೆಬೇರೆಯಾಗಿ ತೋರಿಸುತ್ತಾರೆ, ನೋಡಿ ಆರಿಸಿ. ಐದು ಅಂಕ ಖಚಿತ ಎಂದು ಮಾತು ಕೊಡುವವರನ್ನೂ, ಹತ್ತಾರು ಗಂಟೆಗಳ ಹಣವನ್ನು ಮುಂಗಡವಾಗಿ ಕೇಳುವವರನ್ನೂ, ಮಗಳ ಬದಲಿಗೆ ತಾವೇ ಪ್ರಬಂಧ ತಿದ್ದಿ ಬರೆದುಕೊಡುವವರನ್ನೂ ದೂರವಿಡಿ. ಮಗಳು ಅಪ್ರಾಪ್ತಳಾದ್ದರಿಂದ ಪಾಠ ಮನೆಯ ನಡುಕೋಣೆಯಲ್ಲೋ ಗ್ರಂಥಾಲಯದಲ್ಲೋ ನಡೆಯಲಿ.

ಟ್ಯೂಟರ್ ಬಂದರೆಂದು ಕೇಳುವ ಅಭ್ಯಾಸ ನಿಲ್ಲಬಾರದು. 65 ಪ್ರಶ್ನೆಗಳಲ್ಲಿ 35 ಪ್ರಶ್ನೆಗಳಿರುವ ಭಾಗದಲ್ಲಿ ಧ್ವನಿಮುದ್ರಣ ಕೇಳಲೇಬೇಕು, ಅದರಲ್ಲಿ ಬೇರೆಬೇರೆ ದೇಶಗಳ ಉಚ್ಚಾರಣೆ ಬರುತ್ತದೆ. ಕೆರಿಬಿಯನ್ ಕಡೆಯವರು ಪದದ ಕೊನೆಯ 'ಸ್' ನುಂಗುತ್ತಾರೆ, ಬ್ಯೂನಸ್ ಐರಿಸ್‌ನವರು 'ಯ' ಎನ್ನಬೇಕಾದಲ್ಲಿ 'ಶ' ಎನ್ನುತ್ತಾರೆ. ಒಬ್ಬರೇ ಟ್ಯೂಟರ್‌ರ ಧ್ವನಿಗೆ ಹೊಂದಿಕೊಂಡ ಕಿವಿ ಇದಕ್ಕೆ ತಡವರಿಸುತ್ತದೆ. ಸ್ಪೇನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಆರ್‌ಟಿವಿಇಯ ಸುದ್ದಿ, ಲ್ಯಾಟಿನ್ ಅಮೆರಿಕದ ಕಥನಗಳ ರಾದಿಯೊ ಅಂಬುಲಾಂತೆ ಪಾಡ್‌ಕಾಸ್ಟ್ ಇಂಥವನ್ನು ದಿನಕ್ಕೆ ಇಪ್ಪತ್ತು ನಿಮಿಷ ಕೇಳಲಿ.

ಎಷ್ಟು ಖರ್ಚು ಮಾಡಬೇಕೆಂಬುದನ್ನು ಗುರಿಯೇ ತೀರ್ಮಾನಿಸಲಿ. ಮೂರಕ್ಕೇ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಮಾನ್ಯತೆ) ಕೊಡುವ ಕಾಲೇಜುಗಳಿವೆ, ನಾಲ್ಕು ಅಥವಾ ಐದು ಕೇಳುವವೂ ಇವೆ. ಕಾಲೇಜ್ ಬೋರ್ಡ್ ತಾಣದಲ್ಲಿ ಕಾಲೇಜಿನ ಹೆಸರು ಕೊಟ್ಟು ನೋಡಬಹುದು. ದೇಶದ ಸರಾಸರಿ ಅಂಕವನ್ನು ನೋಡಿ ಮಗಳನ್ನು ಹೋಲಿಸಬೇಡಿ. ಮನೆಯಲ್ಲೇ ಸ್ಪ್ಯಾನಿಷ್ ಕೇಳಿ ಬೆಳೆದ ಸಾವಿರಾರು ಮಕ್ಕಳು ಇದೇ ಪರೀಕ್ಷೆ ಬರೆಯುತ್ತಾರೆ. ಶಾಲೆಯಲ್ಲಷ್ಟೇ ಭಾಷೆ ಕಲಿತವರ ಫಲಿತಾಂಶವನ್ನು ಕಾಲೇಜ್ ಬೋರ್ಡ್ ಬೇರೆಯಾಗಿಯೂ ಪ್ರಕಟಿಸಿದೆ, ನಿಮ್ಮ ಮಗಳಿಗೆ ಹೊಂದುವ ಅಳತೆ ಅದು.

ಪ್ರಶ್ನೆ: ಮಗ ಈಗಾಗಲೇ ಎಪಿ ಸ್ಪ್ಯಾನಿಷ್ ಭಾಷೆ ಮತ್ತು ಸಂಸ್ಕೃತಿ ಪರೀಕ್ಷೆಯಲ್ಲಿ ಐದು ಪಡೆದಿದ್ದಾನೆ. ಮುಂದಿನ ವರ್ಷ ಎಪಿ ಸ್ಪ್ಯಾನಿಷ್ ಸಾಹಿತ್ಯ ತೆಗೆದುಕೊಳ್ಳುತ್ತಾನೆ. ಅದೇ ಟ್ಯೂಟರ್‌ರನ್ನು ಮುಂದುವರಿಸಬಹುದೇ?

ಉತ್ತರ: ಅವರು ಸಾಹಿತ್ಯವನ್ನು ಪಾಠ ಮಾಡಿದವರಾಗಿದ್ದರೆ ಮಾತ್ರ. ಆ ಪರೀಕ್ಷೆಗೆ ಮಧ್ಯಯುಗದಿಂದ ಇಂದಿನವರೆಗಿನ 38 ನಿಗದಿತ ಕೃತಿಗಳ ಪಟ್ಟಿಯಿದೆ, ಅವುಗಳನ್ನು ಕಾಲ, ಪ್ರಕಾರ, ಅಲಂಕಾರಗಳ ಸಮೇತ ವಿಶ್ಲೇಷಿಸಿ ಬರೆಯಬೇಕು. ಸರಾಗವಾಗಿ ಸಂಭಾಷಣೆ ನಡೆಸುವ ಟ್ಯೂಟರ್‌ಗೆ ಹದಿನೇಳನೇ ಶತಮಾನದ ಒಂದು ಸಾನೆಟ್ (ಹದಿನಾಲ್ಕು ಸಾಲಿನ ಕವಿತೆ) ಬಿಡಿಸಿ ಹೇಳಲು ಬರುತ್ತದೆಂದು ಭಾವಿಸಲಾಗದು. ಪಟ್ಟಿಯನ್ನು ಅವರ ಮುಂದಿಟ್ಟು, ಇದರಲ್ಲಿ ಯಾವುವನ್ನು ಪಾಠ ಮಾಡಿದ್ದೀರಿ ಎಂದು ಕೇಳಿ. ಅರ್ಧಕ್ಕಿಂತ ಕಡಿಮೆಯಾದರೆ ವಿಶ್ವವಿದ್ಯಾಲಯದ ಸಾಹಿತ್ಯ ವಿದ್ಯಾರ್ಥಿಗಳನ್ನು ಹುಡುಕುವುದು ಲೇಸು. ಬೇಸಿಗೆ ರಜೆಯಲ್ಲೇ ಮಗ ಉದ್ದನೆಯ ಕೃತಿಗಳನ್ನು ಓದಲು ಆರಂಭಿಸಲಿ, ಟ್ಯೂಟರ್ ಸೆಪ್ಟೆಂಬರಿನಲ್ಲಿ ಬಂದರೂ ಸಾಕು.