ಅತ್ತೆ ಎಸ್-2ರಲ್ಲಿ, ಉಳಿದವರೆಲ್ಲ ಎಸ್-5ರಲ್ಲಿ

ಉಡುಪಿಯ ಓದುಗರೊಬ್ಬರ ಪತ್ರದ ಸಾರ ಇದು: "ಡೊಂಬಿವಲಿಯಲ್ಲಿ ಮೈದುನನ ಮಗಳ ಮದುವೆಗೆ ನಾವು 13 ಜನ ರೈಲಿನಲ್ಲಿ ಹೋದೆವು. ನನ್ನ ಮಗ ಆರು, ಆರು, ಒಂದು ಎಂದು ಮೂರು ಟಿಕೆಟ್ ಮಾಡಿದ. ಆ ಒಂದು ಟಿಕೆಟ್ 72 ವರ್ಷದ ಅತ್ತೆಯವರದು. ಅವರಿಗೆ ಎಸ್-2 ಬೋಗಿಯಲ್ಲಿ ಲೋವರ್ ಬರ್ತ್ ಬಂತು, ನಮಗೆಲ್ಲ ಎಸ್-5. ಟಿಕೆಟ್ ನೋಡುವ ಟಿಟಿಇ ಬಂದಾಗ ಅವರ ಆಧಾರ್ ಕಾರ್ಡ್ ನನ್ನ ಬ್ಯಾಗಿನಲ್ಲಿ! ನಮ್ಮ ಕಂಪಾರ್ಟ್‌ಮೆಂಟಿನಲ್ಲಿದ್ದ ಒಬ್ಬ ಹುಡುಗನ ಹತ್ತಿರ, ನಮ್ಮ ಅಪ್ಪರ್ ತಗೊಂಡು ನಿಮ್ಮ ಲೋವರ್ ಕೊಡಿ ಎಂದು ಕೇಳಿದೆವು. ಎಸ್-2ಕ್ಕೆ ನಮ್ಮ ಭಾವ ಹೋಗುವವರಿದ್ದರು. ಹುಡುಗ ಒಪ್ಪಲಿಲ್ಲ. ಇಷ್ಟು ಮಾನವೀಯತೆಯೂ ಬೇಡವೇ? ಜನವರಿ 18ಕ್ಕೆ ಮತ್ತೆ 14 ಜನ ಹೊರಡುವವರಿದ್ದೇವೆ, ಆರು ಜನ ಸುರತ್ಕಲ್‌ನಲ್ಲಿ ಹತ್ತುತ್ತಾರೆ. ಒಟ್ಟಿಗೆ ಸೀಟು ಸಿಗಲು ಏನು ಮಾಡಬೇಕು? ನನಗೆ 51, ನನಗೂ ಮಂಡಿನೋವು."

ಮೊದಲು ಆ ಹುಡುಗನ ವಿಷಯ ಮುಗಿಸಿಬಿಡೋಣ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅವನದು ತಪ್ಪು ಅಂತ ನನಗೆ ಅನಿಸಲಿಲ್ಲ. ನಿಮ್ಮ ಕೈಯಲ್ಲಿ ಒಂದು ಲೋವರ್ ಇತ್ತಲ್ವಾ? ಎಸ್-2ರದು. ಅದನ್ನು ಭಾವನವರಿಗೆ ಇಟ್ಟುಕೊಂಡು, ಹುಡುಗನಿಗೆ ಅಪ್ಪರ್ ಹತ್ತು ಎಂದಿರಿ. ಒಬ್ಬನೇ ಬಂದವನ ಬರ್ತ್ ಬಿಟ್ಟಿ ಬಿದ್ದಿದೆ ಅಂತ ನಮಗೆಲ್ಲ ಒಂದು ಭಾವನೆ. ಅವನೂ ಎಷ್ಟೋ ದಿನ ಮೊದಲೇ ಕೂತು ಬುಕ್ ಮಾಡಿರುತ್ತಾನೆ, ಮಾರಾಯ್ರೆ.

ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಕುಟುಂಬ ಕೇಳಿತು ಎಂದು ಲೋವರ್ ಬಿಟ್ಟುಕೊಟ್ಟೆ. "ಇಲ್ಲೇ ಪಕ್ಕದಲ್ಲಿ" ಎಂದರು. ಪಕ್ಕ ಎಂದರೆ ಬೋಗಿಯ ಆ ತುದಿ, ಬಾಗಿಲ ಬಳಿಯ ಸೈಡ್ ಅಪ್ಪರ್. ನಾನು ಆರಡಿಗೆ ಎರಡೇ ಇಂಚು ಕಡಿಮೆ. ಕಾಲು ಚಾಚಿದರೆ ತುದಿಗೆ ತಾಗುತ್ತಿತ್ತು, ಮಡಚಿದರೆ ಮಂಡಿ ಹೊರಗೆ. ರಾತ್ರಿಯಿಡೀ ಹೋಗುವವರು ಬರುವವರೆಲ್ಲ ನನ್ನ ಮಂಡಿಗೆ ತಲೆ ಕೊಟ್ಟರು. ಬೆಳಿಗ್ಗೆ ಆ ಕುಟುಂಬದವರು ಒಂದು ಕಪ್ ಚಾ ಕೊಟ್ಟರು, ಅದನ್ನು ಮರೆಯುವುದಿಲ್ಲ. ಆದರೂ ಅಂದಿನಿಂದ ಯಾರು ಕೇಳಿದರೂ ಮೊದಲು ಬರ್ತ್ ನಂಬರ್ ಕೇಳುತ್ತೇನೆ. ಬದಲಿ ಕೇಳುವುದಿದ್ದರೆ ಲೋವರ್‌ಗೆ ಲೋವರ್ ಕೊಡಿ. ಅವನು ಚಾದರ ಹಾಸುವ ಮೊದಲೇ ಕೇಳಿ. ಇಲ್ಲ ಎಂದರೆ ಮುಖ ಗಂಟು ಹಾಕಬೇಡಿ.

ಈಗ ನಿಮ್ಮ 14 ಜನ. ಒಂದು ಟಿಕೆಟ್‌ನಲ್ಲಿ ಆರು ಜನರಿಗಿಂತ ಜಾಸ್ತಿ ಹಾಕಲು ಆಗುವುದಿಲ್ಲ. ತತ್ಕಾಲ್‌ನಲ್ಲಿ ನಾಲ್ಕೇ. ಹಾಗಾಗಿ ಎಲ್ಲರೂ ಮಾಡುವುದು ಆರು, ಆರು, ಉಳಿದವರು. ಹೋದ ಸಲ ನಿಮ್ಮಲ್ಲಿ ಉಳಿದವರು ಅತ್ತೆ. ಈ ಸಲ ಅವರಿಂದಲೇ ಶುರು ಮಾಡಿ. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಹಿರಿಯರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು ನಿಜ, ಆದರೆ ಈ ಕೋಟಾ ನಿಂತಿಲ್ಲ. ಎರಡೂ ಹೋಯಿತು ಎಂದುಕೊಂಡವರು ತುಂಬ ಜನ. ಷರತ್ತು ಏನೆಂದರೆ ಟಿಕೆಟ್‌ನಲ್ಲಿ ಒಬ್ಬರು ಅಥವಾ ಇಬ್ಬರೇ ಇರಬೇಕು, ಇಬ್ಬರಿಗೂ ಆ ವಯಸ್ಸು ಆಗಿರಬೇಕು. ಆರು ಜನರ ನಡುವೆ ಅಜ್ಜಿಯ ಹೆಸರು ಸೇರಿಸಿದರೆ ಈ ಕೋಟಾ ಲೆಕ್ಕಕ್ಕೆ ಬರುವುದಿಲ್ಲ. ಅಜ್ಜಿಗೆ ಅಪ್ಪರ್ ಬಂತು ಎಂದು ಗೋಳಾಡುವವರಲ್ಲಿ ಅನೇಕರು ಮಾಡಿದ್ದು ಇದನ್ನೇ.

ನಿಮಗೆ 51 ಎಂದು ಬರೆದಿದ್ದೀರಿ, ಒಳ್ಳೆಯದಾಯಿತು. ಅತ್ತೆ ಮತ್ತು ನೀವು ಒಂದೇ ಟಿಕೆಟ್ ಮಾಡಿ, ಆ ಕೋಟಾದಲ್ಲಿ. ಸಿಕ್ಕಿದರೆ ಇಬ್ಬರಿಗೂ ಲೋವರ್, ಅತ್ತೆ ಒಂಟಿಯಲ್ಲ, ಆಧಾರ್ ಕಾರ್ಡೂ ಅಲ್ಲೇ. ಒಂದು ಟಿಕೆಟ್‌ಗೆ ಒಬ್ಬರ ಅಸಲಿ ಗುರುತಿನ ಚೀಟಿ ಸಾಕು. ಆದರೆ ಟಿಕೆಟ್ ಮೂರಾದರೆ ಚೀಟಿಯೂ ಮೂರು ಕಡೆ ಇರಬೇಕು. ಎಲ್ಲವನ್ನೂ ನಿಮ್ಮ ವ್ಯಾನಿಟಿ ಬ್ಯಾಗಿನಲ್ಲಿ ತುಂಬಿಸಿಕೊಳ್ಳಬೇಡಿ.

ಈ ಕೋಟಾದಲ್ಲಿ ಒಂದು ಬೋಗಿಗೆ ಇರುವುದು ಬೆರಳೆಣಿಕೆಯ ಬರ್ತ್. ಅದಕ್ಕೇ ಈ ಟಿಕೆಟ್ ಮೊದಲು. ಯಾವ ಬೋಗಿ ಬಂತು ನೋಡಿ, ಉಳಿದ ಎರಡು ಟಿಕೆಟ್ ಮಾಡುವಾಗ 'ಬೇಕಾದ ಬೋಗಿ' ಎಂಬಲ್ಲಿ ಅದೇ ನಂಬರ್ ಹಾಕಿ. ಸಿಗುತ್ತದೆ ಎಂಬ ಖಾತ್ರಿಯಿಲ್ಲ, ಕೇಳಿದರೆ ನಷ್ಟವೂ ಇಲ್ಲ. 'ಎಲ್ಲರಿಗೂ ಒಂದೇ ಬೋಗಿಯಲ್ಲಿ ಸಿಕ್ಕಿದರೆ ಮಾತ್ರ ಬುಕ್ ಮಾಡು' ಎಂದು ಟಿಕ್ ಹಾಕಲು ಒಂದು ಜಾಗ ಇದೆ. ಅದು ಆ ಟಿಕೆಟ್‌ನ ಆರು ಜನರಿಗೆ ಮಾತ್ರ. ಸಿಗದಿದ್ದರೆ ಟಿಕೆಟೇ ಆಗುವುದಿಲ್ಲ, ದುಡ್ಡು ವಾಪಸ್ ಬರುತ್ತದೆ, ಅಷ್ಟರಲ್ಲಿ ವೇಟಿಂಗ್ ಲಿಸ್ಟ್ ಶುರುವಾಗಿರುತ್ತದೆ. ಬುಕಿಂಗ್ ತೆರೆದ ದಿನ ಬೆಳಿಗ್ಗೆ ಟಿಕ್ ಹಾಕಬಹುದು. ತಡವಾದರೆ ನಾನಂತೂ ಹಾಕುವುದಿಲ್ಲ.

ಜನರನ್ನು ಹಂಚುವಾಗ ಮನೆ ಲೆಕ್ಕ ಹಿಡಿಯಬೇಡಿ, ಹತ್ತುವ ಸ್ಟೇಷನ್ ಲೆಕ್ಕ ಹಿಡಿಯಿರಿ. ನಮ್ಮ ಕರಾವಳಿಯವರು ಎಡವುವುದು ಇಲ್ಲೇ. ಮುಂಬೈಗೆ ಹೋಗುವ ಮತ್ಸ್ಯಗಂಧ ರೈಲು ಮಂಗಳೂರು ಸೆಂಟ್ರಲ್ ಬಿಟ್ಟ ಮೇಲೆ ಸುರತ್ಕಲ್, ಉಡುಪಿ, ಕುಂದಾಪುರ ಎಲ್ಲ ಕಡೆ ನಮ್ಮವರು ಹತ್ತುತ್ತಾರೆ. ಆದರೆ ಒಂದು ಟಿಕೆಟ್‌ಗೆ ಹತ್ತುವ ಸ್ಟೇಷನ್ ಒಂದೇ. ಉಡುಪಿಯವರ ಹೆಸರು ಸುರತ್ಕಲ್ ಟಿಕೆಟ್‌ನಲ್ಲಿದ್ದು, ಟಿಟಿಇ ಬಂದಾಗ ಸೀಟು ಖಾಲಿ ಕಂಡರೆ, 'ಬಂದಿಲ್ಲ' ಎಂದು ಬರೆದು ಇನ್ನೊಬ್ಬರಿಗೆ ಕೊಟ್ಟುಬಿಡಬಹುದು. ಸುರತ್ಕಲ್‌ನ ಆರು ಜನ ಒಂದು ಟಿಕೆಟ್, ಉಡುಪಿಯ ಆರು ಜನ ಒಂದು, ನೀವು ಅತ್ತೆ-ಸೊಸೆ ಒಂದು. ನಿಮ್ಮ ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ.

ಟಿಕೆಟ್ ಆದ ಮೇಲೆ ಒಂದು ಕಾಗದ, ಒಂದು ಪೆನ್ನು ತಗೊಳ್ಳಿ. ಸ್ಲೀಪರ್‌ನಲ್ಲೂ ತ್ರೀ ಏಸಿಯಲ್ಲೂ ಎಂಟೆಂಟು ಬರ್ತ್‌ಗೆ ಒಂದು ಕಂಪಾರ್ಟ್‌ಮೆಂಟ್. 1, 4 ಲೋವರ್. 2, 5 ಮಿಡಲ್. 3, 6 ಅಪ್ಪರ್. 7 ಸೈಡ್ ಲೋವರ್, 8 ಸೈಡ್ ಅಪ್ಪರ್. ಮುಂದೆ 9ರಿಂದ ಮತ್ತೆ ಅದೇ ಸಾಲು. ನಿಮಗೆ 22ರಿಂದ 27 ಬಂತು ಎಂದಿಟ್ಟುಕೊಳ್ಳಿ. ಸಾಲಾಗಿ ಬಂತು ಎಂದು ಖುಷಿಪಡುತ್ತೀರಿ. ಆದರೆ 24 ಸೈಡ್ ಅಪ್ಪರ್, ಅಲ್ಲಿಗೆ ಒಂದು ಕಂಪಾರ್ಟ್‌ಮೆಂಟ್ ಮುಗಿಯಿತು. 25 ಗೋಡೆಯ ಆಚೆಗಿನ ಲೋವರ್. ಬರೆದು ನೋಡಿದರೆ ಇದು ಮನೆಯಲ್ಲೇ ಗೊತ್ತಾಗುತ್ತದೆ. ಯಾರು ಎಲ್ಲಿ ಮಲಗುವುದು ಎಂದು ನಿಮ್ಮನಿಮ್ಮಲ್ಲೇ ಬದಲಾಯಿಸಿಕೊಳ್ಳಿ, ಟಿಟಿಇ ಬಂದಾಗ ಒಂದು ಮಾತು ಹೇಳಿ, ಮುಗಿಯಿತು.

ಇನ್ನೊಂದು, 14 ಜನವೂ ಒಂದೇ ಕಡೆ ಯಾಕೆ ಬೇಕು? ನಿಮ್ಮ ರೈಲು ಹೊರಡುವುದು ಮಧ್ಯಾಹ್ನದ ಮೇಲೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಮಲಗುವ ಹೊತ್ತು, ಅದಕ್ಕೆ ಮೊದಲು ಎಲ್ಲರೂ ಲೋವರ್‌ನಲ್ಲಿ ಕೂರುವವರೇ. ಗೋಳಿಬಜೆ ಡಬ್ಬಿ ತೆರೆದಾಗ ಮಕ್ಕಳು ತಾವಾಗಿಯೇ ಬರುತ್ತಾರೆ.

ಯಾರಾದರೂ ಕೊನೆಗೆ ತಪ್ಪಿಸಿಕೊಂಡರೆ ಅವರ ಹೆಸರಲ್ಲಿ ಸುಮ್ನೆ ಇನ್ನೊಬ್ಬರನ್ನು ಹತ್ತಿಸಬೇಡಿ. ಕನ್ಫರ್ಮ್ ಟಿಕೆಟನ್ನು ತಂದೆ, ತಾಯಿ, ಗಂಡ, ಹೆಂಡತಿ, ಮಕ್ಕಳು, ಒಡಹುಟ್ಟಿದವರ ಹೆಸರಿಗೆ ಮಾಡಿಸಬಹುದು. ರೈಲು ಹೊರಡುವ 24 ಗಂಟೆ ಮೊದಲು ಕೌಂಟರಿಗೆ ಹೋಗಿ ಅರ್ಜಿ ಕೊಡಬೇಕು. ನಿಮಗೆ ಉಡುಪಿಯ ಇಂದ್ರಾಳಿ ಸ್ಟೇಷನ್ ಹತ್ತಿರವೇ ಅಲ್ವಾ.

ಬುಕಿಂಗ್ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ. 2024ರ ನವೆಂಬರ್‌ಗಿಂತ ಮೊದಲು 120 ದಿನ ಇತ್ತು, ಆ ಲೆಕ್ಕ ಈಗ ಇಲ್ಲ. ಜನವರಿ 18ಕ್ಕೆ ಹೊರಡುವುದಾದರೆ ನವೆಂಬರ್ 19. ಎಲ್ಲರ ಹೆಸರು, ವಯಸ್ಸನ್ನು ಮಗ ಹಿಂದಿನ ದಿನವೇ ರೈಲ್ವೆ ಟಿಕೆಟ್ ಜಾಲತಾಣ ಐಆರ್‌ಸಿಟಿಸಿಯ ಮಾಸ್ಟರ್ ಲಿಸ್ಟ್‌ನಲ್ಲಿ (ಪ್ರಯಾಣಿಕರ ಪಟ್ಟಿ) ತುಂಬಿಸಿಡಲಿ. ವಾಪಸ್ ಬರುವ ಟಿಕೆಟ್ ಅದೇ ದಿನ ಸಿಗುವುದಿಲ್ಲ, ಅದರ 60 ದಿನ ಬೇರೆ. 22ಕ್ಕೆ ಹೊರಡುವುದಿದ್ದರೆ ನವೆಂಬರ್ 23. ಎರಡೂ ದಿನ ಮಗನನ್ನು ಏಳೂವರೆಗೆ ಎಬ್ಬಿಸುವ ಕೆಲಸ ಮಾತ್ರ ನಿಮ್ಮದು.