ಕೀಟಾಹಾರಿ ಗಿಡಗಳ ಟೆರೇರಿಯಂನಲ್ಲಿ ಬಿಳಿ ಹುಳಗಳಾಗಿವೆ. ಗಿಡ ಕಿತ್ತು ಮಣ್ಣೆಲ್ಲ ಬದಲಿಸಬೇಕೇ?

ಸದ್ಯಕ್ಕೆ ಬೇಡ. ಟೆರೇರಿಯಂ, ಅಂದರೆ ಗಿಡ ಬೆಳೆಸುವ ಗಾಜಿನ ಪೆಟ್ಟಿಗೆಯ ಒಳಮೈ ಮೇಲೆ ದಾರದಂಥ ಬಿಳಿ ಹುಳ ಹರಿದಾಡುತ್ತಿವೆ, ಸಣ್ಣ ಕಪ್ಪು ನೊಣಗಳೂ ಹಾರಾಡುತ್ತಿವೆ, ಎಲೆಯ ಅಂಟುಹನಿಯಲ್ಲಿ ಕೀಟ ಹಿಡಿಯುವ ಸನ್‌ಡ್ಯೂ ಮತ್ತು ಎಲೆತುದಿಯ ಬಾಯಿ ಮುಚ್ಚಿ ಹಿಡಿಯುವ ವೀನಸ್ ಫ್ಲೈಟ್ರ್ಯಾಪ್‌ಗಳ ಹೊಸ ಚಿಗುರು ಮುರುಟಿಕೊಂಡಿದೆ ಎಂದು ಬರೆದಿದ್ದೀರಿ. ಎಲ್ಲವೂ ಆ ಬಿಳಿ ಹುಳದ ಕೆಲಸ ಎಂದುಕೊಂಡಿದ್ದೀರಿ. ನನಗೇನೋ ಇಲ್ಲಿ ಮೂರು ಬೇರೆ ಬೇರೆ ಗಿರಾಕಿಗಳಿರುವಂತೆ ಕಾಣುತ್ತಿದೆ. ಕಣ್ಣಿಗೆ ಬಿದ್ದದ್ದರ ಮೇಲೆ ಅಪವಾದ ಬಂದಿದೆ, ಅಷ್ಟೆ.

ನಾನೂ ಹೀಗೇ ಮೋಸಹೋಗಿದ್ದೆ. ಬಿಳಿ ಹುಳ ಕಂಡ ದಿನವೇ ಗಾಬರಿಯಾಗಿ ಪಾತ್ರೆ ತೊಳೆಯುವ ಸೋಪನ್ನು ನೀರಿಗೆ ಕಲಸಿ ಸಿಂಪಡಿಸಿದೆ. ಹುಳಕ್ಕೆ ಏನೂ ಆಗಲಿಲ್ಲ. ಸನ್‌ಡ್ಯೂ ಎಲೆಗಳ ಅಂಟುಹನಿ ಪೂರ್ತಿ ಹೋಗಿ, ವಾರದೊಳಗೆ ಎರಡು ಗಿಡ ಕಪ್ಪಾದವು. ಈ ಗಿಡಗಳಿಗೆ ಸೋಪು, ಎಣ್ಣೆ ಯಾವುದೂ ಒಗ್ಗುವುದಿಲ್ಲ. ಬೇವಿನೆಣ್ಣೆಯನ್ನೂ ಸನ್‌ಡ್ಯೂ ಹತ್ತಿರ ತರಬೇಡಿ.

ಮೊದಲು ಒಂದು ಭೂತಗನ್ನಡಿ ತಗೊಂಡು ಹುಳದ ತಲೆ ನೋಡಿ. ಮೈಯೆಲ್ಲ ಒಂದೇ ಬಿಳಿ, ತಲೆ ಯಾವುದು ಬಾಲ ಯಾವುದು ಗೊತ್ತಾಗುವುದಿಲ್ಲ ಎಂದರೆ ಅದು ಪಾಟ್‌ವರ್ಮ್. ಎರೆಹುಳದ ದೂರದ ನೆಂಟ. ಕೊಳೆತ ಎಲೆ, ಬೂಷ್ಟು ತಿಂದುಕೊಂಡಿರುತ್ತದೆ. ಈ ಗಿಡಗಳನ್ನು ನೆಡುವ ಒದ್ದೆ ಪೀಟ್ (ಜೌಗಿನಲ್ಲಿ ಅರೆಕೊಳೆತ ಪಾಚಿ) ಎಂದರೆ ಅದಕ್ಕೆ ಪ್ರಾಣ. ಬದುಕಿರುವ ಬೇರಿನ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಮುಟ್ಟಿದರೆ ಟಣ್ ಎಂದು ಜಿಗಿಯುವ, ಒಂದೆರಡು ಮಿಲಿಮೀಟರಿನ ಬಿಳಿ ಚುಕ್ಕೆಗಳಿದ್ದರೆ ಅವು ಸ್ಪ್ರಿಂಗ್‌ಟೇಲ್. ಬೂಷ್ಟು ತಿನ್ನಲಿ ಎಂದು ಟೆರೇರಿಯಂ ಸಾಕುವವರು ಅವನ್ನು ಬೇಕೆಂದೇ ತಂದು ಬಿಡುತ್ತಾರೆ. ಇವೆರಡನ್ನೂ ಅವುಗಳ ಪಾಡಿಗೆ ಬಿಡಿ.

ಮೈ ಗಾಜಿನಂತೆ ಪಾರದರ್ಶಕ, ತಲೆ ಮಾತ್ರ ಹೊಳೆಯುವ ಕಪ್ಪು, ಉದ್ದ ಸುಮಾರು 5 ಮಿಲಿಮೀಟರ್. ಹೀಗಿದ್ದರೆ ಅದು ಫಂಗಸ್ ನ್ಯಾಟ್ ಎಂಬ ಆ ಕಪ್ಪು ನೊಣದ ಮರಿ. ದೊಡ್ಡ ಗಿಡಕ್ಕೆ ಇದರಿಂದ ಜಾಸ್ತಿ ತೊಂದರೆಯಿಲ್ಲ. ಆದರೆ ಬೀಜದಿಂದ ಎದ್ದ ಸಸಿಗಳ ಎಳೆ ಬೇರನ್ನು ಕಡಿದುಹಾಕುತ್ತದೆ. ಅನುಮಾನವಿದ್ದರೆ ಹಸಿ ಆಲೂಗಡ್ಡೆಯ ಒಂದು ಬಿಲ್ಲೆಯನ್ನು ಮಣ್ಣಿನ ಮೇಲಿಡಿ. ಎರಡು ದಿನ ಬಿಟ್ಟು ಮಗುಚಿ ನೋಡಿ. ಮರಿಗಳಿದ್ದರೆ ಅಡಿಯಲ್ಲಿ ಸೇರಿರುತ್ತವೆ. ನೋಡಿದ ಮೇಲೆ ಬಿಲ್ಲೆ ತೆಗೆದುಬಿಡಿ, ಅಲ್ಲೇ ಕೊಳೆತರೆ ಅದೇ ಹೊಸ ಊಟವಾಗುತ್ತದೆ.

ನೊಣಗಳೇನೋ ಸನ್‌ಡ್ಯೂಗೆ ಪುಕ್ಕಟೆ ಊಟ. ಆದರೆ ಗಿಡ ಹಿಡಿಯುವುದಕ್ಕಿಂತ ಮಣ್ಣಲ್ಲಿ ಹುಟ್ಟುವುದೇ ಹೆಚ್ಚು. ಅದಕ್ಕೆ ನಾನು ನೆಚ್ಚಿಕೊಂಡಿರುವುದು ಬಿಟಿಐ, ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್. ಸೊಳ್ಳೆ ಮರಿ ಸಾಯಿಸಲು ನೀರಿಗೆ ಹಾಕುತ್ತಾರಲ್ಲ, ಅದೇ ಬ್ಯಾಕ್ಟೀರಿಯಾ. ಗಿಡಕ್ಕೆ ಏನೂ ಮಾಡುವುದಿಲ್ಲ. ಕೊಳ್ಳುವಾಗ ಇಸ್ರೇಲೆನ್ಸಿಸ್ ಎಂಬ ಹೆಸರು ಇದೆಯೇ ನೋಡಿ. ಇದರ ಅಣ್ಣತಮ್ಮನಂಥ ಕುರ್ಸ್ಟಾಕಿ ಎಂಬ ತಳಿ ಎಲೆ ತಿನ್ನುವ ಕಂಬಳಿಹುಳಗಳಿಗೆ ಮಾತ್ರ, ಇಲ್ಲಿ ಉಪಯೋಗಕ್ಕೆ ಬರದು. ಡಿಸ್ಟಿಲ್ಡ್ ನೀರು ಅಥವಾ ಮಳೆನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಮಣ್ಣಿಗೆ ಮೇಲಿಂದ ಹನಿಸಿ. ಅಡಿಯ ತಟ್ಟೆಗೆ ಸುರಿದರೆ ಸಾಲದು, ಮರಿಗಳಿರುವುದು ಮಣ್ಣಿನ ಮೇಲ್ಪದರದಲ್ಲಿ. ತಿಂದ ಮರಿ ಮಾತ್ರ ಸಾಯುತ್ತದೆ. ಮೊಟ್ಟೆಗೂ ಹಾರುವ ನೊಣಕ್ಕೂ ಇದು ತಾಗುವುದಿಲ್ಲ. ಮೊಟ್ಟೆಯಿಂದ ನೊಣವಾಗಲು ಮೂರು ನಾಲ್ಕು ವಾರ ಬೇಕು. ಹಾಗಾಗಿ ವಾರಕ್ಕೊಮ್ಮೆಯಂತೆ ನಾಲ್ಕು ಸಲವಾದರೂ ಹಾಕಿ. ಎರಡನೇ ವಾರಕ್ಕೆ ನೊಣ ಕಮ್ಮಿಯಾಯಿತೆಂದು ನಿಲ್ಲಿಸಿ, ಮತ್ತೆ ಮೊದಲಿಂದ ಶುರು ಮಾಡಿದವನು ನಾನು.

ಇನ್ನು ಮುರುಟಿದ ಚಿಗುರು. ನಿಮ್ಮ ನಿಜವಾದ ತಲೆನೋವು ಇದೇ ಎಂದು ನನ್ನ ಊಹೆ. ಮಣ್ಣಿನ ಹುಳ ಚಿಗುರನ್ನು ಹೀಗೆ ತಿರುಚುವುದಿಲ್ಲ. ಎಲೆಗಳ ನಟ್ಟನಡುವೆ, ಹೊಸ ಎಲೆ ಬಿಚ್ಚುವ ಜಾಗದಲ್ಲಿ ಟಾರ್ಚ್ ಬಿಟ್ಟು ನೋಡಿ. ಹಸಿರೋ ಕಪ್ಪೋ ಬಣ್ಣದ ಗಿಡಹೇನುಗಳು ರಸ ಹೀರುತ್ತಾ ಕೂತಿರಬಹುದು. ಅವು ಕಳಚಿದ ಬಿಳಿ ಪೊರೆ ಕಂಡರೂ ಸಾಕು, ಗುರುತು ಸಿಕ್ಕಂತೆ. ಕೀಟ ತಿನ್ನುವ ಗಿಡಕ್ಕೇ ಕೀಟದ ಕಾಟ ಎಂದರೆ ನಗು ಬರುತ್ತೆ ಅಲ್ವಾ? ಆದರೆ ಬಾಯಿ ಎಲೆಯ ತುದಿಯಲ್ಲಿದೆ, ಹೇನು ಕೂರುವುದು ಬುಡದಲ್ಲಿ.

ಮದ್ದು ಬೇಡ, ಮುಳುಗಿಸಿ. ಕುಂಡ ಸಮೇತ ಗಿಡವನ್ನು ಡಿಸ್ಟಿಲ್ಡ್ ನೀರು ಅಥವಾ ಮಳೆನೀರು ತುಂಬಿದ ಬಕೆಟ್ಟಿನಲ್ಲಿ ಪೂರ್ತಿ ಮುಳುಗುವಂತೆ ಒಂದರಿಂದ ಎರಡು ದಿನ ನೆರಳಲ್ಲಿಡಿ. ಮಣ್ಣಿಗೆ ಬೆರೆಸಿದ ಹಗುರ ಬಿಳಿ ಹರಳು, ಅಂದರೆ ಪರ್ಲೈಟ್, ತೇಲಿ ಮೇಲೆ ಬರುತ್ತದೆ, ಬುಡದ ಸುತ್ತ ತೆಳು ಬಟ್ಟೆ ಕಟ್ಟಿ. ಜೌಗಿನಲ್ಲಿ ಹುಟ್ಟಿದ ಗಿಡ, ತಾಳಿಕೊಳ್ಳುತ್ತದೆ. ಫ್ಲೈಟ್ರ್ಯಾಪಿನ ಕೆಲವು ಬಾಯಿ ಮುಚ್ಚಬಹುದು. ಸನ್‌ಡ್ಯೂ ಅಂಟು ತೊಳೆದುಹೋಗಿ ಕೆಲವು ದಿನಕ್ಕೆ ಮತ್ತೆ ಬರುತ್ತದೆ. ಹತ್ತು ದಿನ ಬಿಟ್ಟು ಇನ್ನೊಮ್ಮೆ ನೋಡಿ. ಹೇನಿನ ಬದಲು ಹತ್ತಿಯಂಥ ಬಿಳಿ ಮುದ್ದೆ ಕಂಡರೆ ಅದು ಹಿಟ್ಟು ತಿಗಣೆ. ಶೇ. 70ರ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಒಂದೊಂದನ್ನೇ ಒರೆಸಿ.

ನೀವು ಗಿಡಗಳನ್ನು ಟೆರೇರಿಯಂನಲ್ಲಿ ನೇರವಾಗಿ ನೆಟ್ಟಿದ್ದರೆ ಈ ಮುಳುಗಿಸುವ ಕೆಲಸ ಆಗದು. ಮುಂದೆ ಒಂದೊಂದನ್ನೂ ಸಣ್ಣ ಕುಂಡದಲ್ಲಿಟ್ಟು, ಕುಂಡದ ಸುತ್ತ ಪಾಚಿ ತುಂಬಿ. ನೋಟಕ್ಕೆ ವ್ಯತ್ಯಾಸ ಗೊತ್ತಾಗದು. ಎರೆಹುಳ ಹೊಕ್ಕರೂ ಹೀಗೇ ಮುಳುಗಿಸಿ ಹೊರಡಿಸಬಹುದು. ಪೀಟನ್ನು ಬೇಗ ಕೊಳೆಸಿ ರಾಡಿ ಮಾಡುವ ಅದನ್ನು ಮಾತ್ರ ಇಲ್ಲಿ ರೈತನ ಮಿತ್ರ ಎಂದು ಉಳಿಸಿಕೊಳ್ಳಬೇಡಿ.

ಮತ್ತೆ, ನೀವು ಫ್ಲೈಟ್ರ್ಯಾಪಿಗೆ ಏನು ತಿನ್ನಿಸುತ್ತಿದ್ದೀರಿ? ಮಾಂಸದ ಚೂರು ಎಂದಾದರೆ ಇವತ್ತೇ ನಿಲ್ಲಿಸಿ. ಬಾಯಿಯ ಮೂರನೇ ಒಂದು ಭಾಗಕ್ಕಿಂತ ದೊಡ್ಡ ಹುಳವೂ ಬೇಡ. ಬಾಯಿ ಸರಿಯಾಗಿ ಮುಚ್ಚದೆ ಒಳಗಿದ್ದದ್ದು ಕೊಳೆಯುತ್ತದೆ, ಬೂಷ್ಟು ಬರುತ್ತದೆ, ಅದನ್ನು ತಿನ್ನಲು ಈ ಬಿಳಿ ಸೈನ್ಯ ಬರುತ್ತದೆ. ಕಪ್ಪಾದ ಎಲೆಗಳನ್ನು ಕತ್ತರಿಸಿ ಹೊರಹಾಕಿ, ಮುಚ್ಚಳ ತೆಗೆದಿಡಿ. ನಿಜ ಹೇಳಬೇಕೆಂದರೆ ಫ್ಲೈಟ್ರ್ಯಾಪಿಗೆ ಮುಚ್ಚಿದ ಗಾಜಿನ ಪೆಟ್ಟಿಗೆಯೇ ಸರಿಯಲ್ಲ. ಅದಕ್ಕೆ ಒಳ್ಳೆ ಬಿಸಿಲು ಬೇಕು, ಚಳಿಗಾಲದಲ್ಲಿ ತಣ್ಣಗಿನ ನಿದ್ದೆ ಬೇಕು. ಹೇನು ತೊಳೆಯಲು ಹೊರತೆಗೆದಾಗ ಅದನ್ನು ಹೊರಗೇ ಉಳಿಸಿಬಿಡಿ. ಇಷ್ಟು ದಿನ ಒಳಗಿದ್ದದ್ದು, ಬಿಸಿಲಿಗೆ ಮಾತ್ರ ಒಂದೆರಡು ವಾರದಲ್ಲಿ ನಿಧಾನವಾಗಿ ಒಗ್ಗಿಸಿ.